ಪಾಳಿ ತಪ್ಪಿದ ನೀರು: ಪಂಜಾಬಿನ ಒಂದು ಸಣ್ಣ ಗ್ರಾಮದ ಬದುಕು

(ಬಳಗದ ಮಾಸಿಕ ಸಭೆಯಲ್ಲಿ ಗ್ರಾಮಸ್ಥರನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಪಂಜಾಬಿನ ಒಂದು ಹಳ್ಳಿಯ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ಬಳಗದ ಹಿರಿಯರೊಬ್ಬರು, "ಅಲ್ಲಿ ಗುಡ್ಡವಿಲ್ಲ, ಕಾಡಿಲ್ಲ, ಹಳ್ಳವಿಲ್ಲ. ನಮಗೂ ಅವರಿಗೂ ಏನು ಸಂಬಂಧ ಮಾರಾಯರೇ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಹಸಿರು ಕ್ರಾಂತಿಯ ದುಷ್ಪರಿಣಾಮಗಳನ್ನು ಕಣ್ಣಾರೆ ಕಂಡು, ಬಂದು ನಿಮಗೆ ಎಚ್ಚರಿಕೆಯ ಮಾತು ಹೇಳೋಣವೆಂದು. ಪರಿಸರದ ಕೆಲಸ ಮಾಡುವ ನಮ್ಮಂಥವರಿಗೆ ಪಂಜಾಬ್ ಎಂದರೆ ಬಹುಕಾಲದಿಂದ ಒಂದು ಉದಾಹರಣೆ ಮಾತ್ರ. ಅಲ್ಲಿ ಊರುಗಳಿವೆ, ಆ ಊರುಗಳಲ್ಲಿ ಜನ ಒಬ್ಬರಿಗೊಬ್ಬರು ಏನೋ ಆಗಿ ಬದುಕುತ್ತಿದ್ದಾರೆ ಎಂಬುದನ್ನೇ ನಾನು ಮರೆತಿದ್ದೆ. ಸಂಗ್ರೂರು ಜಿಲ್ಲೆಯ ಒಂದು ಸಣ್ಣ ಗ್ರಾಮದಲ್ಲಿ ಒಮ್ಮೆ ಜೂನ್ ತಿಂಗಳಲ್ಲಿ, ಇನ್ನೊಮ್ಮೆ ಜನವರಿಯಲ್ಲಿ, ಒಟ್ಟು ಐದು ವಾರ ಉಳಿದೆ. ಉಳಿಸಿಕೊಂಡವರು ಕೇಳಿಕೊಂಡಿದ್ದರಿಂದ ಊರಿನ ಹೆಸರನ್ನು ಹೇಳುವುದಿಲ್ಲ.

ಪಂಜಾಬಿಯಲ್ಲಿ ಊರಿಗೆ 'ಪಿಂಡ್' ಎನ್ನುತ್ತಾರೆ. ಮೊದಲ ದಿನ ಬಸ್ಸಿಳಿದಾಗ ಒಬ್ಬ ವೃದ್ಧರು "ನಿನ್ನ ಪಿಂಡ ಯಾವುದು?" ಎಂಬರ್ಥದಲ್ಲಿ ಕೇಳಿದರು. ವೈದಿಕರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಒಂದು ಕ್ಷಣ ಎದೆ ಝಲ್ಲೆಂದಿತು! ಆದರೆ ಅಲ್ಲಿ ಅಪರಿಚಿತನಿಗೆ ಕೇಳುವ ಮೊದಲ ಪ್ರಶ್ನೆ ಅದೇ, ಹೆಸರು ಆಮೇಲೆ. ಊರಿನ ಹೆಸರನ್ನೇ ತಮ್ಮ ಹೆಸರಿನ ಕೊನೆಗೆ ಸೇರಿಸಿಕೊಳ್ಳುವ ರೂಢಿ ಅಲ್ಲಿ ವ್ಯಾಪಕವಾಗಿದೆ. ನಾವು ಪತ್ರಿಕೆಗಳಲ್ಲಿ ಓದಿದ ಬಾದಲ್, ಲೋಂಗೋವಾಲ್ ಎಂಬವೆಲ್ಲ ಊರುಗಳ ಹೆಸರುಗಳೇ. ಒಂದೇ ಊರಿನ ಹುಡುಗ ಹುಡುಗಿಗೆ ಮದುವೆಯಿಲ್ಲ. ಊರಿನ ಪ್ರತಿಯೊಬ್ಬ ಹೆಣ್ಣುಮಗಳೂ ಇಡೀ ಊರಿಗೆ ಮಗಳು. ಹಿಂದಿನವರು ಆ ಮಗಳನ್ನು ಕೊಟ್ಟ ಊರಿನಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಕೆಲಸದ ಮೇಲೆ ಅಲ್ಲಿಗೆ ಹೋದರೆ ಹುಡುಕಿಕೊಂಡು ಹೋಗಿ ಅವಳ ಕೈಗೆ ಒಂದು ರೂಪಾಯಿ ಇಟ್ಟು ಬರುತ್ತಿದ್ದರು ಎಂದು ನನಗೆ ಹೇಳಿದರು. ಅವಳು ಯಾರ ಮನೆಯ ಮಗಳು ಎಂಬುದು ಮುಖ್ಯವಾಗಿರಲಿಲ್ಲ.

ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟಿ, ಗುಡ್ಡ ಇಳಿದು ಹೋಗಬೇಕು. ಅಲ್ಲಿ ಹಾಗಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳೆಲ್ಲ ಒಂದೆಡೆ. ಸುತ್ತಲೂ ಕಣ್ಣು ಹರಿದಷ್ಟು ದೂರ ಸಮತಟ್ಟು ಹೊಲ. ನಡುವೆ ಆಲದ ಮರದಡಿ ಹಿರಿಯರು ಕೂರುವ ಕಟ್ಟೆ. ಅದಕ್ಕೆ 'ಸತ್ಥ್' ಎಂದು ಹೆಸರು. ಇಸ್ಪೀಟು, ರಾಜಕೀಯ, ಮದುವೆಯ ಮಾತು, ಜಗಳದ ಇತ್ಯರ್ಥ ಎಲ್ಲವೂ ಅಲ್ಲಿಯೇ. ಹೆಂಗಸರು ಅಲ್ಲಿ ಕೂರುವುದಿಲ್ಲ. ಅವರ ಲೋಕ ಅಂಗಳದ್ದು, ತಂದೂರಿನ ಸುತ್ತಲಿನದು. ಹಿಂದೆ ಹುಡುಗಿಯರು ರಾತ್ರಿ ಒಟ್ಟುಗೂಡಿ ನೂಲುತ್ತಿದ್ದ 'ತ್ರಿಂಜಣ್' ಈಗ ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಉಳಿದಿದೆ. ಬೆರಣಿಗಳನ್ನು ಗೋಪುರದಂತೆ ಒಟ್ಟಿ, ಮೇಲೆ ಮಣ್ಣು ಮೆತ್ತಿ, ಬೆರಳಿನಿಂದ ಚಿತ್ತಾರ ಬಿಡಿಸುವ ಕಲೆ ಮಾತ್ರ ಇನ್ನೂ ಇದೆ. ಗುರುದ್ವಾರದ ಧ್ವನಿವರ್ಧಕ ಬೆಳಗಿನ ಪಾಠ ಮುಗಿದ ಮೇಲೆ ಊರಿನ ವಾರ್ತಾಪತ್ರಿಕೆಯಾಗುತ್ತದೆ: ಯಾರದೋ ಎಮ್ಮೆ ತಪ್ಪಿಸಿಕೊಂಡಿದೆ, ಲಸಿಕೆ ಹಾಕುವವರು ಬಂದಿದ್ದಾರೆ, ಇಂಥವರ ಮನೆಯಲ್ಲಿ ಸಾವಾಗಿದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಹೇಳಬೇಕಾದದ್ದು ಹೆಚ್ಚಾಗಿ ಅಲ್ಲಿಯೇ ಇದೆ.

ಸಂಗ್ರೂರಿನ ಆ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮಲ್ಲಿ ಆಷಾಢದ ಎರಡು ಮೂರು ವಾರಗಳಲ್ಲಿ ಬೀಳುವಷ್ಟು. ಆದ್ದರಿಂದ ಆ ಊರು ಮೊದಲಿನಿಂದಲೂ ಹಂಚಿಕೊಂಡ ನೀರಿನಿಂದಲೇ ಬದುಕಿತು. ಒಂದು ಬಾವಿಗೆ ಐದಾರು ಪಾಲುದಾರರು; ಎತ್ತು ಅಥವಾ ಒಂಟೆ ಕಟ್ಟಿ ತಿರುಗಿಸುವ ನೀರೆತ್ತುವ ಚಕ್ರ; ಇಷ್ಟು ಹೊತ್ತು ನಿನಗೆ, ಇಷ್ಟು ಹೊತ್ತು ನನಗೆ ಎಂಬ ಪಾಳಿ. ಆಮೇಲೆ ಕಾಲುವೆ ಬಂತು. ಸಟ್ಲೆಜ್ ನದಿಯ ನೀರನ್ನು ತರುವ ಸರ್‌ಹಿಂದ್ ಕಾಲುವೆ 1882ರಲ್ಲಿ ಆರಂಭವಾಯಿತು. ಕಾಲುವೆಯ ನೀರಿಗೂ ಪಾಳಿಯೇ. ಅದಕ್ಕೆ 'ವಾರಾಬಂದಿ' ಎನ್ನುತ್ತಾರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ವಾರಕ್ಕೆ 168 ಗಂಟೆ. ಕಾಲುವೆಯ ಒಂದು ತೂಬಿನ ಕೆಳಗೆ 500 ಎಕರೆ ಇದೆಯೆನ್ನಿ. ಭಾಗಿಸಿದರೆ ಎಕರೆಗೆ ಸುಮಾರು 20 ನಿಮಿಷ. ಆರು ಎಕರೆಯವನಿಗೆ ವಾರದಲ್ಲಿ ಎರಡು ಗಂಟೆ. ಆ ಎರಡು ಗಂಟೆ ತೂಬಿನ ನೀರೆಲ್ಲ ಅವನದು, ಮರುನಿಮಿಷದಿಂದ ಮುಂದಿನವನದು. ತೂಬಿನಿಂದ ಹೊಲದವರೆಗೆ ಬರಿದಾಗಿರುವ ತೋಡು ತುಂಬಲು ಹಿಡಿಯುವ ಸಮಯವನ್ನು ರೈತನ ಲೆಕ್ಕಕ್ಕೆ ಕೂಡಿಸಿ ಕೊಡುತ್ತಾರೆ. ತೂಬು ಮುಚ್ಚಿದ ಮೇಲೂ ತೋಡಿನಲ್ಲಿ ಉಳಿದ ನೀರು ಹರಿದು ಯಾರ ಹೊಲ ಸೇರುತ್ತದೆಯೋ ಅವನ ಲೆಕ್ಕದಿಂದ ಅಷ್ಟನ್ನು ಕಳೆಯುತ್ತಾರೆ. ಪಾಳಿ ಹಗಲಿರುಳೂ ನಡೆಯುವುದರಿಂದ ಕೆಲವರಿಗೆ ನಡುರಾತ್ರಿ ಬರುತ್ತದೆ. ಅದು ಸದಾ ಅವರ ಹಣೆಬರಹವಾಗಬಾರದೆಂದು ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು 12 ಗಂಟೆ ಮುಂದೆ ಸರಿಸುತ್ತಾರೆ. ಈ ವರ್ಷ ಇರುಳಲ್ಲಿ ಚಳಿಗೆ ನಡುಗಿದವನಿಗೆ ಮುಂದಿನ ವರ್ಷ ಹಗಲು. ಬಲಾಢ್ಯರು ತೂಬನ್ನು ಅಗಲ ಮಾಡಿಕೊಳ್ಳುವುದು, ಕಾಲುವೆಯ ಬಾಲದ ತುದಿಯವರಿಗೆ ನೀರು ತಲುಪದಿರುವುದು ಇವೆಲ್ಲ ಅಲ್ಲಿಯೂ ಉಂಟು. ಆದರೂ ಇಷ್ಟು ಸೂಕ್ಷ್ಮವಾದ ನ್ಯಾಯದ ಲೆಕ್ಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜನವರಿಯ ಒಂದು ರಾತ್ರಿ ಮನೆಯ ಯಜಮಾನರೊಂದಿಗೆ ನಾನೂ ಹೋದೆ. ಅವರನ್ನು ಎಲ್ಲರೂ ಬಾಪು ಜೀ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಒಂದು ಮಾರು ಮುಂದೆ ಕಾಣದಂಥ ಮಂಜು. ಗೋಧಿಗೆ ನೀರು ಕಟ್ಟುವುದು ಮುಗಿಯುತ್ತ ಬಂದಾಗ ಮಂಜಿನೊಳಗಿಂದ ಒಂದು ಟಾರ್ಚಿನ ಬೆಳಕು ಬಂತು. ಮುಂದಿನ ಪಾಳಿಯವರು. ಬಾಪು ಜೀ ಗಡಿಯಾರ ನೋಡಿ, ಸನಿಕೆಯಿಂದ ಮಣ್ಣು ಎಳೆದು ತಮ್ಮ ಬದಿಯನ್ನು ಮುಚ್ಚಿ ಅವರ ಬದಿಯನ್ನು ತೆರೆದರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಹಿಂದಿರುಗುವಾಗ ಕೇಳಿದೆ. ಬದುವಿನ ವಿಷಯಕ್ಕೆ ಜಗಳವಾಗಿ ಎರಡೂ ಮನೆಗಳ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲವಂತೆ. "ಆದರೆ ಅವನು ಒಂದು ನಿಮಿಷ ಮೊದಲು ಬರಲಾರ, ನಾನು ಒಂದು ನಿಮಿಷ ತಡ ಮಾಡಲಾರೆ" ಎಂದರು.

ಕಾಲುವೆಯನ್ನೇ ನೆಚ್ಚಿದ್ದ ಕಾಲದ ಮಾತು ಇದು ಎನ್ನಬೇಕು. ಏಕೆಂದರೆ ಇಂದು ಪಂಜಾಬಿನ ನೀರಾವರಿಯಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ಕೊಳವೆಬಾವಿಗಳಿಂದ ಆಗುತ್ತಿದೆ. 1970ರ ಸುಮಾರಿಗೆ ರಾಜ್ಯದಲ್ಲಿ ಎರಡು ಲಕ್ಷದಷ್ಟಿದ್ದ ಕೊಳವೆಬಾವಿಗಳು ಈಗ ಸುಮಾರು 14 ಲಕ್ಷ. ಗಿಡ್ಡ ತಳಿಯ ಗೋಧಿ ಅರವತ್ತರ ದಶಕದಲ್ಲಿ ಬಂತು. ಅದರ ಬೆನ್ನಿಗೆ ಭತ್ತ ಬಂತು. 1960-61ರಲ್ಲಿ ಇಡೀ ಪಂಜಾಬಿನಲ್ಲಿ ಭತ್ತ ಬೆಳೆಯುತ್ತಿದ್ದದ್ದು ಎರಡೂಕಾಲು ಲಕ್ಷ ಹೆಕ್ಟೇರಿನಷ್ಟರಲ್ಲಿ. ಈಗ 30 ಲಕ್ಷ ಹೆಕ್ಟೇರಿಗೂ ಮಿಕ್ಕಿ. ವಿಚಿತ್ರವೆಂದರೆ ಅವರ ಊಟ ರೊಟ್ಟಿ. ನಾನಿದ್ದ ಮನೆಯಲ್ಲಿ ಅನ್ನ ಮಾಡುತ್ತಿದ್ದದ್ದು ವಾರಕ್ಕೊಮ್ಮೆ, ಅದೂ ನನ್ನ ಮೇಲಿನ ಕರುಣೆಯಿಂದ. ಬೆಳೆದದ್ದೆಲ್ಲ ಬೆಂಬಲ ಬೆಲೆಗೆ ಮಂಡಿ ಸೇರಿ, ದೇಶದ ಪಡಿತರ ಅಂಗಡಿಗಳಿಗೆ ಹೋಗುತ್ತದೆ. ರೈತರನ್ನು ದೂಷಿಸುವುದು ಸುಲಭ. ಆದರೆ ಖಚಿತವಾಗಿ ಕೊಳ್ಳುತ್ತೇವೆ ಎಂದು ಸರ್ಕಾರ ಹೇಳಿದ ಎರಡು ಬೆಳೆಗಳನ್ನು ಅವರು ಬೆಳೆದರು. ದೇಶಕ್ಕೆ ಹಸಿವಾಗಿದ್ದಾಗ ಬೆಳೆಯಿರಿ ಎಂದು ಕೇಳಿಕೊಂಡವರು ನಾವೇ.

ಹೊಲದ ಪಂಪಿಗೆ 1997ರಲ್ಲಿ ಉಚಿತ ವಿದ್ಯುತ್ ಬಂತು. ನೀರು ಕೆಳಗಿಳಿದಂತೆ ಮೊದಲು ಗುಂಡಿ ತೋಡಿ ಮೋಟಾರನ್ನು ಅದರೊಳಗೆ ಇಳಿಸಿದರು. ಮರುವರ್ಷ ಇನ್ನಷ್ಟು ಆಳಕ್ಕೆ. ಆ ಗುಂಡಿಗಳ ವಿಷಗಾಳಿಗೆ ಉಸಿರುಕಟ್ಟಿ ಸತ್ತವರೂ ಇದ್ದಾರೆ. ಕೊನೆಗೆ ನೀರಿನೊಳಗೇ ಮುಳುಗಿರುವ ಪಂಪುಗಳು ಬಂದವು. ಅವುಗಳಿಗೆ ಲಕ್ಷಾಂತರ ರೂಪಾಯಿ ಬೇಕು. ಸಾಲಕ್ಕೆ ಮಂಡಿಯ ದಲ್ಲಾಳಿಯೇ ಗತಿ. ಆ ಶಕ್ತಿಯಿಲ್ಲದ ಸಣ್ಣ ಹಿಡುವಳಿದಾರ ನೆರೆಯವನಿಗೆ ಹೊಲವನ್ನು ಗೇಣಿಗೆ ಕೊಟ್ಟು ಪಟ್ಟಣದ ದಾರಿ ಹಿಡಿದ. ಇಂದು ರಾಜ್ಯದಲ್ಲಿ ವರ್ಷಕ್ಕೆ ಭೂಮಿಗೆ ಇಂಗಿ ಬಳಕೆಗೆ ದೊರೆಯುವ ಪ್ರತಿ 100 ಲೀಟರಿಗೆ 150 ಲೀಟರಿಗಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದಾರೆ. ಸುಮಾರು 150 ಬ್ಲಾಕುಗಳಲ್ಲಿ 110ಕ್ಕೂ ಹೆಚ್ಚು ಬ್ಲಾಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ. ನಾಟಿಯನ್ನು ಮುಂಗಾರಿನ ಹತ್ತಿರಕ್ಕೆ ತರಲು, ಜೂನ್ 10ಕ್ಕೆ ಮೊದಲು ನಾಟಿ ಮಾಡಬಾರದೆಂದು 2009ರಲ್ಲಿ ಕಾಯಿದೆ ಬಂತು. ಅದರಿಂದ ಭತ್ತದ ಕಟಾವಿಗೂ ಗೋಧಿ ಬಿತ್ತನೆಗೂ ನಡುವಿನ ದಿನಗಳು ಕಡಿಮೆಯಾಗಿ ಕೂಳೆ ಸುಡುವುದು ಹೆಚ್ಚಿತೆಂದು ಹಲವು ಸಂಶೋಧಕರ ಅಭಿಪ್ರಾಯ. ಕೀಟನಾಶಕ, ಕಾಯಿಲೆಗಳ ವಿಷಯ ಇನ್ನೊಂದು ದಿನಕ್ಕಿರಲಿ.

ನನ್ನ ಮನಸ್ಸಿನಲ್ಲಿ ನಿಂತದ್ದು ಅಂಕಿಗಳಿಗಿಂತ ಬಾಪು ಜೀ ಹೇಳಿದ ಇನ್ನೊಂದು ಮಾತು. ಅವರ ಹೊಲದಲ್ಲಿಯೂ ಕೊಳವೆಬಾವಿ ಇದೆ. ಕಾಲುವೆಯ ನೀರಿಗೆ ಮೊದಲಿನ ಮರ್ಯಾದೆಯಿಲ್ಲ. ಎಷ್ಟೋ ಜನ ತಮ್ಮ ಪಾಳಿಯನ್ನೇ ಮರೆತಿದ್ದಾರೆ, ತೋಡುಗಳನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. "ಮೊದಲು ನೀರು ಕಾಣುತ್ತಿತ್ತು. ಯಾರು ಕದ್ದರೂ ಗೊತ್ತಾಗುತ್ತಿತ್ತು. ಈಗ ನೆಲದಡಿಯಲ್ಲಿ ಯಾರು ಯಾರದ್ದನ್ನು ಎಳೆಯುತ್ತಿದ್ದಾರೆ, ಯಾರಿಗೆ ಗೊತ್ತು? ಗುಂಡಿ ಒತ್ತಿದರೆ ಬರುತ್ತದೆ. ಪಕ್ಕದ ಹೊಲದವನ ಮುಖ ನೋಡುವ ಅಗತ್ಯವೇ ಇಲ್ಲ."

ಅಡಿಕೆ ತೋಟಕ್ಕೆ ಕೊಳವೆಬಾವಿ ಕೊರೆಸಿದವರು ಈ ಸಭೆಯಲ್ಲಿಯೂ ಇದ್ದೀರಿ. ಹಳ್ಳದ ಕಟ್ಟಿನ ನೀರಿಗೆ ಪಾಳಿ ಕಾದ ಹಿರಿಯರೂ ಇದ್ದೀರಿ. ಮನೆಯ ಅಜ್ಜಿ, ಅವರನ್ನು ಬೇಬೇ ಎನ್ನುತ್ತಾರೆ, ಒಂದು ದಿನ ನಮ್ಮ ಊರಿನ ಮಳೆಯೆಷ್ಟು ಎಂದು ಕೇಳಿದರು. ಮೂರು ಸಾವಿರ ಮಿಲಿಮೀಟರ್ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಆಳೆತ್ತರದ ನನ್ನ ತಲೆಯ ಮೇಲೆ ಇನ್ನೊಬ್ಬ ಆಳು ನಿಂತರೂ ಮುಳುಗುವಷ್ಟು ಎಂದು ಅಭಿನಯಿಸಿ ತೋರಿಸಿದೆ, ತುಸು ಹೆಚ್ಚಾಗಿಯೇ ಎನ್ನಿ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ನೀರನ್ನು ಏನು ಮಾಡುತ್ತೀರಿ ಪುತ್ತರ್?" ಎಂದರು. ಸಮುದ್ರಕ್ಕೆ ಹೋಗುತ್ತದೆ, ಏಪ್ರಿಲಿನಲ್ಲಿ ನಮ್ಮೂರಿಗೆ ಟ್ಯಾಂಕರ್ ಬರುತ್ತದೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಊರಿನ ಅಂಚಿನಲ್ಲಿ ಒಂದು ಕೊಳವಿದೆ, 'ಛಪ್ಪಡ್' ಎನ್ನುತ್ತಾರೆ. ಮನೆ ಕಟ್ಟಲು ಮಣ್ಣು ತೆಗೆದ ಗುಂಡಿಯೇ ಕೊಳವಾಯಿತು. ಅಲ್ಲಿ ಎಮ್ಮೆಗಳು ಮಿಂದವು, ಮಕ್ಕಳು ಈಜು ಕಲಿತರು. ಈಗ ಊರಿನ ಚರಂಡಿಗಳೆಲ್ಲ ಅದಕ್ಕೇ ಬೀಳುತ್ತವೆ. ಕಾಂಕ್ರೀಟಿನ ಬೀದಿ, ಪಕ್ಕಾ ಚರಂಡಿ ಆದವು. ಚರಂಡಿಯ ಕೊನೆ ಎಲ್ಲಿ ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಬಹಳ ಊರುಗಳಲ್ಲಿ ಕೊಳದ ಅಂಚನ್ನು ಮಣ್ಣು ತುಂಬಿ ಒತ್ತುವರಿ ಮಾಡಿದ್ದಾರೆ. ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯ ಇಂಥದೇ ಒಂದು ಕೊಳದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2011ರ ಜನವರಿಯಲ್ಲಿ ತೀರ್ಪು ನೀಡಿದ ನ್ಯಾಯಾಲಯ, ಒತ್ತುವರಿದಾರರನ್ನು ತೆರವುಗೊಳಿಸಬೇಕೆಂದಿತು. ಅಷ್ಟಕ್ಕೇ ನಿಲ್ಲದೆ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ನಿರ್ದೇಶಿಸಿತು. ಎಲ್ಲ ರಾಜ್ಯಗಳು ಎಂದರೆ ಕರ್ನಾಟಕವೂ ಸೇರಿತು. ನಮ್ಮ ಗೋಮಾಳ, ಕೆರೆಯಂಗಳಗಳ ಬಗ್ಗೆ ಅರ್ಜಿ ಬರೆಯುವ ಯುವಕರು ಈ ತೀರ್ಪನ್ನು ಓದಿಕೊಳ್ಳಿ. ಅದು ಹುಟ್ಟಿದ್ದು ಒಂದು ಪಂಜಾಬಿ ಹಳ್ಳಿಯ ಕೊಳದಿಂದ.

ಅದೇ ನಾಡಿನಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಗುರುನಾನಕರ ಬದುಕಿನೊಂದಿಗೆ ಬೆರೆತಿರುವ ಕಾಲಿ ಬೇಯಿನ್ ಎಂಬ 160 ಕಿಲೋಮೀಟರ್ ಉದ್ದದ ಸಣ್ಣ ನದಿ ಕೊಳಚೆ ಮೋರಿಯಾಗಿತ್ತು. ಸೀಚೇವಾಲ್ ಗ್ರಾಮದ ಬಾಬಾ ಬಲ್‌ಬೀರ್ ಸಿಂಗರು 2000ದಲ್ಲಿ ಜನರನ್ನು ಕರೆದುಕೊಂಡು ನೀರಿಗಿಳಿದರು. ಕಳೆ ಕಿತ್ತರು, ಹೂಳೆತ್ತಿದರು, ದಡದ ಊರುಗಳನ್ನು ಸೇರಿಸಿಕೊಂಡರು. ಊರಿನ ಕೊಳಚೆ ನೀರನ್ನು ಗುಂಡಿಗಳಲ್ಲಿ ತಂಗಿಸಿ, ಕೊಳದಲ್ಲಿ ತಿಳಿಯಾಗಿಸಿ, ಹೊಲಕ್ಕೆ ಹರಿಸುವ ಅವರ ಸರಳ ಪದ್ಧತಿಗೆ 'ಸೀಚೇವಾಲ್ ಮಾದರಿ' ಎಂದೇ ಹೆಸರಾಯಿತು. 2022ರಲ್ಲಿ ಅವರು ರಾಜ್ಯಸಭೆಯ ಸದಸ್ಯರಾದರು. ಗುರುದ್ವಾರಕ್ಕೆ ಮಾಡುವ ಕರಸೇವೆಯನ್ನು ನದಿಗೂ ಮಾಡಬಹುದೆಂದು ಅವರಿಗೆ ತೋಚಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಷ್ಟು ಹೊತ್ತು ಊರು, ಊರು ಎಂದೆ. ಯಾರ ಊರು?

ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 2011ರ ಜನಗಣತಿಯಂತೆ ಸುಮಾರು 32 ಶೇಕಡಾ. ದೇಶದ ಯಾವ ರಾಜ್ಯದಲ್ಲಿಯೂ ಈ ಪ್ರಮಾಣ ಇಷ್ಟಿಲ್ಲ. ಆದರೆ ಸ್ವಂತ ಜಮೀನು ಇರುವವರು ಅತ್ಯಲ್ಪ. ವಾರಾಬಂದಿಯ ಆ ಸುಂದರ ಲೆಕ್ಕದಲ್ಲಿ ಅವರಿಗೆ ಒಂದು ನಿಮಿಷವೂ ಇಲ್ಲ, ಏಕೆಂದರೆ ಆ ಲೆಕ್ಕ ಎಕರೆಗಳದ್ದು. ಇದು ನನಗೆ ಹೊಳೆದದ್ದು ಎರಡನೆಯ ಬಾರಿ ಹೋದಾಗ. ಮೊದಲ ಬಾರಿ ಬಾಪು ಜೀ ಮನೆಯಿಂದ ಹೊಲಕ್ಕೆ, ಹೊಲದಿಂದ ಸತ್ಥ್‌ಗೆ ಓಡಾಡಿದ ನಾನು, ಕೊಳದಾಚೆಯ ದಲಿತರ ಕೇರಿಗೆ ಕಾಲಿಟ್ಟೇ ಇರಲಿಲ್ಲ. ಯಾರೂ ಹೋಗಬೇಡ ಎನ್ನಲಿಲ್ಲ. ಯಾರೂ ಕರೆದುಕೊಂಡೂ ಹೋಗಲಿಲ್ಲ. ಲಂಗರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಧರ್ಮದ ಊರಿನಲ್ಲಿ ಎರಡು ಗುರುದ್ವಾರಗಳಿದ್ದವು, ಎರಡು ಸ್ಮಶಾನಗಳಿದ್ದವು. ಹಿಂದೆ ಕೇರಿಯ ಗಂಡಸರು ಜಮೀನುದಾರರ ಬಳಿ 'ಸೀರಿ'ಗಳಾಗಿ, ವರ್ಷದ ಒಪ್ಪಂದದಲ್ಲಿ, ಬೆಳೆಯ ಒಂದು ಸಣ್ಣ ಪಾಲಿಗೆ ದುಡಿಯುತ್ತಿದ್ದರು. ಪಡೆದ ಮುಂಗಡ ತೀರದೆ ಆ ಒಪ್ಪಂದ ಮುಂದಿನ ವರ್ಷಕ್ಕೂ ನಡೆಯುತ್ತಿತ್ತು. ಯಂತ್ರಗಳು ಬಂದ ಮೇಲೆ ಅದೂ ಕಡಿಮೆಯಾಯಿತು. ಎಮ್ಮೆಗೆ ಮೇವು ಬೇಕಾದರೆ ಹೆಂಗಸರು ಬೇರೆಯವರ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯಬೇಕು; ಅಲ್ಲಿ ಕೇಳಬೇಕಾದ ಮಾತು, ಸಹಿಸಬೇಕಾದ ನೋಟ ಎಂಥವೆಂದು ಅವರೇ ಹೇಳಿದರು. ನಾನು ಇಲ್ಲಿ ಹೇಳಲಾರೆ.

ಆ ಊರುಗಳಲ್ಲಿ 'ಶಾಮ್ಲಾತ್' ಎಂಬ ಸಾಮುದಾಯಿಕ ಭೂಮಿ ಇದೆ. ಪಂಚಾಯಿತಿ ಅದನ್ನು ವರ್ಷವರ್ಷವೂ ಹರಾಜಿನಲ್ಲಿ ಗೇಣಿಗೆ ಕೊಡುತ್ತದೆ. 1961ರ ಗ್ರಾಮ ಸಾಮುದಾಯಿಕ ಭೂಮಿ ಕಾಯಿದೆಯಡಿಯ ನಿಯಮಗಳಂತೆ ಸಾಗುವಳಿ ಯೋಗ್ಯ ಭಾಗದಲ್ಲಿ ಮೂರನೆಯ ಒಂದು ಪಾಲನ್ನು ಪರಿಶಿಷ್ಟ ಜಾತಿಯವರಿಗೇ ಕೊಡಬೇಕು. ಆದರೆ ಬಹುಕಾಲ ನಡೆದದ್ದು ಬೇರೆ: ಜಮೀನುದಾರ ತನ್ನ ಆಳಿನ ಹೆಸರಿನಲ್ಲಿ ಹರಾಜು ಕೂಗಿಸಿ ಭೂಮಿಯನ್ನು ತಾನೇ ಉಳುತ್ತಿದ್ದ. ಸಂಗ್ರೂರು ಜಿಲ್ಲೆಯ ದಲಿತ ಕುಟುಂಬಗಳು ಇದನ್ನು ಪ್ರಶ್ನಿಸಿದವು. 2014ರಲ್ಲಿ ಜಮೀನ್ ಪ್ರಾಪ್ತಿ ಸಂಘರ್ಷ್ ಸಮಿತಿ ರೂಪುಗೊಂಡಿತು. ಬಲದ್ ಕಲಾಂ ಮೊದಲಾದ ಊರುಗಳಲ್ಲಿ ದೊಡ್ಡ ಹೋರಾಟವಾಯಿತು. ಲಾಠಿ, ಜೈಲು, ಕೆಲವು ಊರುಗಳಲ್ಲಿ ಮೇಲ್ಜಾತಿಯವರಿಂದ ಸಾಮಾಜಿಕ ಬಹಿಷ್ಕಾರ ಎಲ್ಲವನ್ನೂ ಅನುಭವಿಸಿದರು. ಮುಂದಿನ ಸಾಲಿನಲ್ಲಿ ಹೆಂಗಸರಿದ್ದರು. ಗೆದ್ದ ಕಡೆ ಹಲವರು ಭೂಮಿಯನ್ನು ತುಂಡು ಮಾಡಿ ಹಂಚಿಕೊಳ್ಳದೆ ಒಟ್ಟಾಗಿ ಸಾಗುವಳಿ ಮಾಡಿದರು.

ನಾನಿದ್ದ ಊರಿನ ಕೇರಿಯವರೂ ಹಾಗೆ ಭೂಮಿ ಪಡೆದಿದ್ದರು. ಈ ಬಗ್ಗೆ ಬಾಪು ಜೀಯವರನ್ನು ಕೇಳಿದಾಗ ಅವರು ಮೊದಲ ಬಾರಿಗೆ ಮಾತು ಬದಲಿಸಿದರು. ಒಂದು ನಿಮಿಷದ ನೀರನ್ನೂ ಕದಿಯದ ಮನುಷ್ಯ, ಕಾಯಿದೆ ಕೊಟ್ಟ ಮೂರನೆಯ ಒಂದು ಪಾಲಿನ ಬಗ್ಗೆ ಆಡಿದ ಮಾತು, "ಅವರಿಗೆ ಭೂಮಿ ಸಿಕ್ಕರೆ ನಾಟಿಗೆ ಯಾರು ಬರುತ್ತಾರೆ?" ಅವರ ಮನೆಯ ಅನ್ನ ಉಂಡವನು ನಾನು; ಆದರೂ ಇದನ್ನು ನಿಮಗೆ ಹೇಳದಿದ್ದರೆ ಅಲ್ಲಿ ಕಂಡದ್ದರಲ್ಲಿ ಅರ್ಧವನ್ನು ಬಚ್ಚಿಟ್ಟಂತಾಗುತ್ತದೆ. ಸೊಪ್ಪಿನಬೆಟ್ಟದ ಹಕ್ಕು ಅಡಿಕೆ ತೋಟ ಇದ್ದವರಿಗೆ ಮಾತ್ರ ಎಂಬುದನ್ನು ಸಹಜವೆಂದು ಬಗೆದು ಬೆಳೆದ ನಾನು ಅವರಿಗೆ ಎದುರಾಡಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನೊಂದು ಬಿರುಕು 1947ರದ್ದು. ಅಲ್ಲಿಯವರೆಗೆ ಆ ಊರುಗಳಲ್ಲಿ ಗಾಣದವರು, ನೇಕಾರರು, ಹಾಡುಗಾರರು ಹಲವರು ಮುಸಲ್ಮಾನರಾಗಿದ್ದರು. ಮಲೇರ್‌ಕೋಟ್ಲಾದಂಥ ಕಡೆ ಬಿಟ್ಟರೆ ಪೂರ್ವ ಪಂಜಾಬಿನಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಉಳಿದ ಕೆಲವೇ ಮನೆಗಳಿಗಾಗಿ ಸಿಖ್ಖರೂ ಹಿಂದೂಗಳೂ ಹಲವು ಊರುಗಳಲ್ಲಿ ಮಸೀದಿ ಕಟ್ಟಲು ನೆರವಾಗಿದ್ದಾರೆ. ಬರ್ನಾಲಾ ಜಿಲ್ಲೆಯ ಮೂಮ್ ಎಂಬ ಊರಿನಲ್ಲಿ ಜಾಗ ಕೊಟ್ಟದ್ದು ಒಬ್ಬ ಬ್ರಾಹ್ಮಣ. ನಾನಿದ್ದ ಊರಿನ ಹಳೆಯ ಮಸೀದಿಯಲ್ಲಿ ಒಣಹುಲ್ಲು ತುಂಬಿತ್ತು. ಬೇಬೇ ಅದರ ಮುಂದೆ ಹಾದುಹೋಗುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು.

ಪಾಳಿ ಎಂಬುದು ನೀರಿನಿಂದ ಹೋದರೂ ಜನರ ಮೈಯಿಂದ ಪೂರ್ತಿ ಹೋಗಿರಲಿಲ್ಲ. 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ದಿಲ್ಲಿಯ ಗಡಿಗಳಲ್ಲಿ ರೈತರು ಕುಳಿತದ್ದು ನಿಮಗೆಲ್ಲ ಗೊತ್ತು. ಮೂರು ಕೃಷಿ ಕಾಯಿದೆಗಳನ್ನು 2021ರ ನವೆಂಬರಿನಲ್ಲಿ ಹಿಂತೆಗೆದುಕೊಳ್ಳುವವರೆಗೆ ಅದು ನಡೆದದ್ದು ಹೇಗೆ? ಊರೂರಿನಲ್ಲಿ ಪಟ್ಟಿ ಮಾಡಿದರು. ಈ ಓಣಿಯವರು ಹತ್ತು ದಿನ, ಆಮೇಲೆ ಆ ಓಣಿಯವರು. ಹೋದವರ ಗೋಧಿಗೆ ಇದ್ದವರು ನೀರು ಕಟ್ಟಿದರು, ಎಮ್ಮೆ ಕರೆದರು. ಹಿಟ್ಟು, ಹಾಲು, ಕಟ್ಟಿಗೆ ಟ್ರಾಲಿಗಳಲ್ಲಿ ಹೋದವು. ಹನ್ನೊಂದು ವರ್ಷ ಮಾತು ಬಿಟ್ಟ ಆ ಇಬ್ಬರೂ ಒಂದೇ ಟ್ರಾಲಿಯಲ್ಲಿ ಹೋದರಂತೆ. ಅಲ್ಲಿಯೂ ಮಾತನಾಡಿಕೊಳ್ಳಲಿಲ್ಲವಂತೆ! ಬಾಪು ಜೀಯವರ ಮೊಮ್ಮಗ ಮಾತ್ರ ಈಗ ಕೆನಡಾದಲ್ಲಿದ್ದಾನೆ. ಅವನ ಪಾಲಿನ ಹೊಲ ಗೇಣಿಗೆ ಹೋಗಿದೆ.

ಹೊರಡುವ ಹಿಂದಿನ ದಿನ ಕೇರಿಯ ಒಬ್ಬ ಮಹಿಳೆ ತಮ್ಮ ಸಾಮೂಹಿಕ ಭೂಮಿಯನ್ನು ತೋರಿಸಲು ಕರೆದುಕೊಂಡು ಹೋದರು. ಗೋಧಿಯ ಪಕ್ಕದಲ್ಲಿ ಬರ್ಸೀಮ್ ಎಂಬ ಹಸಿಮೇವಿನ ಒಂದು ದೊಡ್ಡ ಪಟ್ಟೆ. ಯಾವ ಮನೆಯವರು ಯಾವ ದಿನ, ಎಷ್ಟು ಸಾಲು ಕೊಯ್ಯಬೇಕೆಂದು ಅವರೇ ಪಟ್ಟಿ ಮಾಡಿಕೊಂಡಿದ್ದರು. ಒಂದು ಎಮ್ಮೆಯಿದ್ದರೂ ಎರಡಿದ್ದರೂ ಮನೆಗೆ ಅಷ್ಟೇ ಸಾಲು. ಏಕೆ ಹಾಗೆ, ಎರಡು ಎಮ್ಮೆಯವರಿಗೆ ಹೆಚ್ಚು ಬೇಡವೇ ಎಂದು ಕೇಳಿದೆ. "ಎಮ್ಮೆ ಲೆಕ್ಕ ಹಿಡಿದರೆ ನಾಳೆ ಎಕರೆ ಲೆಕ್ಕ ಬರುತ್ತದೆ, ಬಾಯಿ ಜೀ" ಎಂದು ನಕ್ಕರು. ಮಾತಿನ ನಡುವೆಯೇ ಹೊರೆ ಕಟ್ಟಿ ತಲೆಗೇರಿಸಿಕೊಂಡರು. ಬದುವಿನ ಮೇಲೆ ಇನ್ನೊಬ್ಬಳು ಹುಡುಗಿ ಕುಡುಗೋಲು ಹಿಡಿದು ಆಗಲೇ ಬಂದು ನಿಂತಿದ್ದಳು.